ದಿನದ ಕಾರ್ಯಸೂಚಿ ಸ್ಲೈಡ್: ಒಂಬತ್ತನೇ ತರಗತಿಯ ಒಂದು ಪ್ರಕರಣ

ವಿಜ್ಞಾನದ ಪೀರಿಯಡ್, ಒಂಬತ್ತನೇ ತರಗತಿ. 44 ಮಕ್ಕಳು, 45 ನಿಮಿಷ, ವಾರಕ್ಕೆ ಐದು ಸಲ. ಗಂಟೆ ಹೊಡೆದಾಗ ಶಿಕ್ಷಕಿ ಇನ್ನೊಂದು ಕೋಣೆಯಿಂದ ಬರುತ್ತಿರುತ್ತಾರೆ. ಮಕ್ಕಳು ಹಿಂದಿನ ಪೀರಿಯಡ್ಡಿನ ಪುಸ್ತಕ ಮುಚ್ಚುತ್ತಿರುತ್ತಾರೆ, ಕೆಲವರು ನೀರು ಕುಡಿಯಲು ಹೋಗಿರುತ್ತಾರೆ. ಇದು ಯಾವುದೋ ಒಂದು ಶಾಲೆಯ ದಾಖಲೆಯಲ್ಲ. ಪ್ರೌಢ ತರಗತಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನು ಒಂದೇ ತರಗತಿಯೊಳಗೆ ಕೂಡಿಸಿ ಕಟ್ಟಿದ ಮಾದರಿ ಪ್ರಕರಣ. ಮಕ್ಕಳ ಸಂಖ್ಯೆ, ನಿಮಿಷಗಳ ಲೆಕ್ಕ ಇವೆಲ್ಲ ವಿಷಯ ಸ್ಪಷ್ಟವಾಗಲೆಂದು ಇಟ್ಟುಕೊಂಡವು.

ಮೊದಲ ಎಂಟು ನಿಮಿಷ ಹೋಗುವುದು ಹೀಗೆ. ಲ್ಯಾಪ್‌ಟಾಪ್ ತೆರೆದು ಪ್ರೊಜೆಕ್ಟರ್ ಕೇಬಲ್ ಚುಚ್ಚಿ ಪರದೆ ಬೆಳಗುವುದಕ್ಕೆ 2 ನಿಮಿಷ. ಹೆಸರು ಕೂಗಿ ಹಾಜರಿ ಹಾಕಲು 3. ಯಾವ ಪುಸ್ತಕ, ಯಾವ ಪುಟ, ಬರೆಯಬೇಕೇ ಓದಬೇಕೇ ಎಂದು ಹೇಳುವುದಕ್ಕೆ 2. ತಡವಾಗಿ ಒಳಬಂದವರಿಗೆ ಅದನ್ನೇ ಇನ್ನೊಮ್ಮೆ ಹೇಳಲು 1. ದಿನಕ್ಕೆ 8 ಎಂದರೆ ವಾರಕ್ಕೆ 40 ನಿಮಿಷ, ಹೆಚ್ಚುಕಡಿಮೆ ಒಂದು ಪೂರ್ತಿ ಪೀರಿಯಡ್. ಕೊನೆಯಲ್ಲೂ ಇದೇ ಕಥೆ: ಗಂಟೆ ಹೊಡೆದ ಮೇಲೆ, ಬ್ಯಾಗಿನ ಜಿಪ್ ಎಳೆಯುವ ಸದ್ದಿನ ನಡುವೆ ಹೋಂವರ್ಕ್ ಕೂಗಿ ಹೇಳಬೇಕು. ಮರುದಿನ ಅರ್ಧ ತರಗತಿ "ಕೇಳಿಸಲಿಲ್ಲ ಟೀಚರ್" ಅನ್ನುತ್ತದೆ. ಅದು ಸುಳ್ಳಲ್ಲ, ನಿಜಕ್ಕೂ ಕೇಳಿಸಿರುವುದಿಲ್ಲ.

ಇದನ್ನು ಶಿಸ್ತಿನ ಸಮಸ್ಯೆ ಎಂದು ಓದಿಕೊಳ್ಳುವುದು ಸುಲಭ. ಗದ್ದಲ ಇದೆ, ಆದ್ದರಿಂದ ಗದರಬೇಕು. ಆದರೆ ಗದ್ದಲದೊಳಗೆ ಕಿವಿ ಇಟ್ಟರೆ ಅದರಲ್ಲಿ ಬಹುಪಾಲು ಪ್ರಶ್ನೆಗಳೇ. "ನೋಟ್‌ಬುಕ್ ತೆಗೀಬೇಕಾ?" "ನಿನ್ನೆಯದು ಮುಗಿಸೋದಾ, ಹೊಸದಾ?" "ಇವತ್ತು ಲ್ಯಾಬ್ ಇದೆಯಾ?" ಕೊರತೆ ಇರುವುದು ಶಿಸ್ತಿನದಲ್ಲ, ಮಾಹಿತಿಯದು. ಆ ಮಾಹಿತಿ ಇಡೀ ಕೋಣೆಯಲ್ಲಿ ಒಂದೇ ಜಾಗದಲ್ಲಿದೆ, ಶಿಕ್ಷಕಿಯ ತಲೆಯಲ್ಲಿ. ಅವರು ಬಾಯಿ ತೆರೆದಾಗ ಮಾತ್ರ ಅದು ಹೊರಬರುತ್ತದೆ, ಬಂದ ಕ್ಷಣವೇ ಗಾಳಿಗೆ ಸೇರುತ್ತದೆ. "ನೋಟ್‌ಬುಕ್ ತೆಗೀರಿ, ದಿನಾಂಕ ಹಾಕಿ, 84ನೇ ಪುಟದ ಮೂರನೇ ಪ್ರಶ್ನೆ, ಪಕ್ಕದವರ ಜೊತೆ, ಐದು ನಿಮಿಷ" ಎಂಬ ಒಂದು ಉಸಿರಿನ ಮಾತಿನಲ್ಲಿ ಐದು ಬೇರೆ ಬೇರೆ ಸಂಗತಿಗಳಿವೆ. ಆ ಕ್ಷಣಕ್ಕೆ ಬೇಕಾದ್ದನ್ನು ಮನಸ್ಸು ಹಿಡಿದಿಡುವ ಕೆಲಸದ ಸ್ಮೃತಿಯಲ್ಲಿ ಒಮ್ಮೆಗೆ ನಿಲ್ಲುವುದು ಸುಮಾರು ನಾಲ್ಕು ತುಣುಕು ಎಂದು ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಐದನೆಯದನ್ನು ಹಿಡಿದಿಡಲು ಹೋದವರು ಒಂದನೆಯದನ್ನು ಕೈಬಿಡುತ್ತಾರೆ. ಪಕ್ಕದವರನ್ನು ಕೇಳುತ್ತಾರೆ. ಅಲ್ಲಿಗೆ ಗದ್ದಲ.

ಕಾರ್ಯಸೂಚಿ ಸ್ಲೈಡ್ ಎಂದರೆ ಈ ಮಾಹಿತಿಯನ್ನು ತಲೆಯಿಂದ ಗೋಡೆಗೆ ವರ್ಗಾಯಿಸುವುದು: ಇಂದು ಏನೇನು ಮಾಡಬೇಕೆಂದು ಒಂದೇ ಸ್ಲೈಡಿನಲ್ಲಿ ಬರೆದು ಪರದೆಯ ಮೇಲೆ ತೋರಿಸುವುದು. ಕೇಳಲು ಇಷ್ಟೇ. ಆದರೆ ಮೊದಲ ಸಲ ಮಾಡಿದಾಗ ಇದು ಕೆಲವೇ ವಾರಗಳಲ್ಲಿ ನಿಂತುಹೋಗಬಹುದು. ಈ ಪ್ರಕರಣದಲ್ಲೂ ಮೊದಲ ಯತ್ನ ಹಾಗೆಯೇ ಆಯಿತು.

ಮೊದಲ ಸ್ಲೈಡ್ ಮತ್ತು ಅದರ ತಪ್ಪುಗಳು

ಮೊದಲ ವಾರದ ಸ್ಲೈಡಿನಲ್ಲಿ ಹನ್ನೊಂದು ಸಾಲುಗಳಿದ್ದವು. ಮೇಲೆ ಶಾಲೆಯ ಚಿಹ್ನೆ, ಒಂದು ಸುಭಾಷಿತ, ಬಲಗಡೆ ಒಂದು ಚಿತ್ರ. ಕೆಳಗೆ "ಘಟಕ: ದ್ರವ್ಯದ ಗುಣಗಳು", "ಉಪಘಟಕ: ಸಾಂದ್ರತೆ", "ಕಲಿಕಾ ಉದ್ದೇಶ: ನೀರಿಗಿಂತ ಕಡಿಮೆ ಸಾಂದ್ರತೆಯ ವಸ್ತುಗಳು ನೀರಿನಲ್ಲಿ ತೇಲುತ್ತವೆ ಎಂಬುದನ್ನು ಅರಿಯುವುದು", "ಪುನರವಲೋಕನ", "ಪ್ರಯೋಗ", "ಚರ್ಚೆ", "ಮೌಲ್ಯಮಾಪನ". ಪಾಠಯೋಜನೆಯ ಪುಸ್ತಕದಿಂದ ಎತ್ತಿ ಹಾಕಿದ ಪುಟ ಅದು.

ಎಡವಿದ್ದು ಎಲ್ಲೆಲ್ಲಿ? ಮೊದಲನೆಯದಾಗಿ, ಎಲ್ಲವೂ ವಿಷಯದ ಹೆಸರುಗಳು, ಮಾಡುವ ಕೆಲಸ ಒಂದೂ ಇಲ್ಲ. "ಪುನರವಲೋಕನ" ಎಂದು ಓದಿದ ಹುಡುಗ ಕೈಯಲ್ಲಿ ಏನು ಹಿಡಿಯಬೇಕು? "ನಿನ್ನೆಯ ಎರಡು ಲೆಕ್ಕ ಮತ್ತೆ ಮಾಡಿ" ಎಂದಿದ್ದರೆ ಕೈ ತಾನಾಗಿ ಪೆನ್ನಿಗೆ ಹೋಗುತ್ತಿತ್ತು. ಎರಡನೆಯದಾಗಿ, ಸ್ಲೈಡ್ ಕಾಣಿಸಿಕೊಂಡದ್ದೇ ಹಾಜರಿ ಮುಗಿದ ಮೇಲೆ. ಅಷ್ಟರಲ್ಲಿ ಅದರ ಅಗತ್ಯ ಅರ್ಧ ಕಳೆದಿತ್ತು. ಮೂರನೆಯದಾಗಿ, ಶಿಕ್ಷಕಿ ಹನ್ನೊಂದೂ ಸಾಲನ್ನು ಗಟ್ಟಿಯಾಗಿ ಓದಿದರು. ತಾವು ಓದುವ ಮುಂಚೆಯೇ ಟೀಚರ್ ಓದಿ ಹೇಳುತ್ತಾರೆ ಎಂದು ಮಕ್ಕಳಿಗೆ ಎರಡೇ ದಿನದಲ್ಲಿ ಗೊತ್ತಾಗುತ್ತದೆ. ಆಮೇಲೆ ಪರದೆಯತ್ತ ಕಣ್ಣು ಹೋಗುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಒಂದು ನಿಮಿಷ ಕಂಡು ಸ್ಲೈಡ್ ಮಾಯವಾಯಿತು, ಅದರ ಜಾಗಕ್ಕೆ ಪಾಠದ ಸ್ಲೈಡ್ ಬಂತು. ಹಾಗೆ ಬಂದು ಹೋದದ್ದಕ್ಕೂ ಗಾಳಿಯಲ್ಲಿ ಕರಗಿದ ಮಾತಿಗೂ ವ್ಯತ್ಯಾಸವೇನು? ಮಧ್ಯದಲ್ಲಿ "ಈಗೇನು ಟೀಚರ್?" ಎಂಬ ಪ್ರಶ್ನೆ ಮೊದಲಿನಷ್ಟೇ ಬಂತು.

ಉದ್ದೇಶದ ಸಾಲಿನ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಯಾವುದು ತೇಲುತ್ತದೆ, ಏಕೆ ತೇಲುತ್ತದೆ ಎಂಬುದನ್ನು ಮಕ್ಕಳು ಪ್ರಯೋಗದಿಂದ ಕಂಡುಕೊಳ್ಳಬೇಕಿತ್ತು. ಪ್ರಯೋಗಕ್ಕೆ ಕೈ ಹಚ್ಚುವ ಮುನ್ನವೇ ಗೋಡೆಯ ಮೇಲೆ ಉತ್ತರ ಬರೆದಿತ್ತು. ಉದ್ದೇಶ ಬರೆಯಲೇಬೇಕಾದ ಕಡೆ ಅದನ್ನು ಪ್ರಶ್ನೆಯಾಗಿ ಬರೆಯಬೇಕು: "ಒಂದೇ ಗಾತ್ರದ ಎರಡು ವಸ್ತುಗಳಲ್ಲಿ ಒಂದು ತೇಲಿ ಒಂದು ಮುಳುಗುವುದೇಕೆ?"

ಇನ್ನು ತಯಾರಿ. ಚಿತ್ರ ಹುಡುಕಿ, ಅಂಚು ಹೊಂದಿಸಿ, ಬಣ್ಣ ಬದಲಿಸಿ, ದಿನಕ್ಕೆ 25 ನಿಮಿಷ. ದಿನಕ್ಕೆ ನಾಲ್ಕೈದು ತರಗತಿ ಇರುವವರಿಗೆ ಅದು ನಡೆಯುವ ಮಾತಲ್ಲ. ಸ್ಲೈಡ್ ಹತ್ತು ನಿಮಿಷದೊಳಗೆ ಸಿದ್ಧವಾಗದಿದ್ದರೆ ಆ ಪದ್ಧತಿ ಬದುಕುವುದಿಲ್ಲ, ಎಷ್ಟೇ ಚೆಂದವಿರಲಿ.

ಎರಡನೇ ಸ್ಲೈಡ್

ಮೂರನೇ ವಾರ ಎಲ್ಲವನ್ನೂ ಅಳಿಸಿ, ಬಾಗಿಲಲ್ಲಿ ಕಾಲಿಟ್ಟ ವಿದ್ಯಾರ್ಥಿಗೆ ಆ ಕ್ಷಣ ಏಳುವ ಪ್ರಶ್ನೆಗಳನ್ನಷ್ಟೇ ಇಟ್ಟುಕೊಂಡು ಹೊಸದಾಗಿ ಕಟ್ಟಲಾಯಿತು. ಮಂಗಳವಾರದ ಸ್ಲೈಡ್ ಹೀಗಿತ್ತು:

ಮಂಗಳವಾರ, ಪೀರಿಯಡ್ 3
ಮೇಜಿನ ಮೇಲೆ: ನೋಟ್‌ಬುಕ್, ಪೆನ್ಸಿಲ್, ಸ್ಕೇಲ್

ಕೂತ ಕೂಡಲೇ, 6 ನಿಮಿಷ
1. ಕಲ್ಲು: 200 ಗ್ರಾಂ, 80 ಘನ ಸೆಂ.ಮೀ. ಸಾಂದ್ರತೆ ಎಷ್ಟು?
2. ಅಳತೆ ಜಾಡಿ ಓದುವಾಗ ಕಣ್ಣು ಎಲ್ಲಿರಬೇಕು?
3. ದ್ರವ್ಯರಾಶಿಯ ಏಕಮಾನ? ತೂಕದ ಏಕಮಾನ?

ಇಂದು
① ಉತ್ತರ ತಿದ್ದಿ: 4
② ಅಳೆಯಿರಿ, ನಾಲ್ವರ ಗುಂಪು: 15
③ ಕೋಷ್ಟಕ, ಲೆಕ್ಕ: 10
④ ಹೊರಡುವ ಮುನ್ನ ಒಂದು ಪ್ರಶ್ನೆ: 4

ಮನೆಗೆ: ಪುಟ 84, ಪ್ರಶ್ನೆ 3 ಮತ್ತು 5. ಗುರುವಾರಕ್ಕೆ.

ಒಟ್ಟು 6, 4, 15, 10, 4 ಕೂಡಿಸಿದರೆ 39. ಉಳಿದ 6 ನಿಮಿಷ ಮರೆತು ಬಿಟ್ಟದ್ದಲ್ಲ. ಬೆಂಚು ತಿರುಗಿಸಿ ಗುಂಪಾಗಲು ಎರಡು, ನೀರು ಒರೆಸಿ ಸಾಮಾನು ಹಿಂದಿರುಗಿಸಲು ಮೂರು, ಅನಿರೀಕ್ಷಿತಕ್ಕೆ ಒಂದು. ಪೀರಿಯಡ್ಡಿನ 45ನ್ನೂ ಚಟುವಟಿಕೆಗೇ ಹಂಚಿದ ಕಾರ್ಯಸೂಚಿ ದಿನವೂ ಸೋಲುತ್ತದೆ. ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಅಂದಾಜಿಸುವಾಗ ಮನುಷ್ಯರು ಕಡಿಮೆಯನ್ನೇ ಹೇಳುತ್ತಾರೆ. ಮನೋವಿಜ್ಞಾನಿಗಳಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ ಇದಕ್ಕೆ ಯೋಜನಾ ಭ್ರಮೆ ಎಂಬರ್ಥದ ಹೆಸರು ಕೊಟ್ಟರು. ಶಿಕ್ಷಕರು ಇದಕ್ಕೆ ಹೊರತಲ್ಲ.

ನಿಮಿಷ ಬರೆಯುವುದರಿಂದ ಇನ್ನೊಂದು ಲಾಭವಿದೆ, ಅದು ಮಕ್ಕಳಿಗಲ್ಲ, ಬರೆಯುವವರಿಗೆ. ಎರಡನೇ ಕೆಲಸದ ಮುಂದೆ 15 ಎಂದು ಬರೆಯಲು ಹೋದಾಗಲೇ ಒಂದು ತೊಡಕು ಕಂಡಿತು. 44 ಮಕ್ಕಳು ಎಂದರೆ 11 ಗುಂಪು, ಗುಂಪಿಗೆ ಮೂರು ವಸ್ತು, ಒಟ್ಟು 33 ತೂಕ. ತಕ್ಕಡಿ ಇರುವುದು ಒಂದೇ. ತೂಕಕ್ಕೆ ಅರ್ಧ ನಿಮಿಷ ಹಿಡಿದರೂ ಬರೀ ತೂಗುವುದಕ್ಕೇ ಹದಿನಾರೂವರೆ ನಿಮಿಷ! ಹಾಗಾಗಿ ವಸ್ತುಗಳ ಮೇಲೆ ದ್ರವ್ಯರಾಶಿಯ ಚೀಟಿಯನ್ನು ಮೊದಲೇ ಅಂಟಿಸಿ, ಮಕ್ಕಳಿಗೆ ಗಾತ್ರ ಅಳೆಯುವುದನ್ನಷ್ಟೇ ಬಿಡಲಾಯಿತು. "ಪ್ರಯೋಗ" ಎಂಬ ಒಂದೇ ಪದ ಬರೆದಿದ್ದರೆ ಈ ಲೆಕ್ಕ ತರಗತಿಯ ನಡುವೆ, ತಕ್ಕಡಿಯ ಮುಂದಿನ ಸರತಿ ಸಾಲಿನಲ್ಲಿ ಗೊತ್ತಾಗುತ್ತಿತ್ತು.

"ಕೂತ ಕೂಡಲೇ" ಭಾಗಕ್ಕೆ ಸ್ಲೈಡಿನ ಎಡಗಡೆಯ ಶೇ 60 ಜಾಗ. ಮೂರು ಪ್ರಶ್ನೆಗಳಲ್ಲಿ ಒಂದು ನಿನ್ನೆಯದು, ಒಂದು ಕಳೆದ ವಾರದ್ದು, ಒಂದು ಕಳೆದ ತಿಂಗಳದ್ದು. ಕಲಿತದ್ದನ್ನು ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆದರೆ ಅದು ಹೆಚ್ಚು ಕಾಲ ಉಳಿಯುತ್ತದೆ ಎಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಇಲ್ಲಿ ಎರಡನೇ ಪ್ರಶ್ನೆ ಬೇಕೆಂದೇ ಆರಿಸಿದ್ದು: ಇನ್ನು ಹದಿನೈದು ನಿಮಿಷದಲ್ಲಿ ಅದೇ ಮಕ್ಕಳು ಜಾಡಿಯ ಮುಂದೆ ಬಗ್ಗಿ ನೀರಿನ ಮಟ್ಟ ಓದಲಿದ್ದಾರೆ.

ಈ ಭಾಗದಲ್ಲಿ ಹೊಸ ವಿಷಯ ಬರಲೇಬಾರದು. ಹೆಚ್ಚಿನವರು ಯಾರ ಸಹಾಯವೂ ಇಲ್ಲದೆ ಬರೆಯಲಾಗುವಂಥದ್ದೇ ಇರಬೇಕು. ಏಕೆಂದರೆ ಆ ಆರು ನಿಮಿಷ ಶಿಕ್ಷಕಿ ಆಸನ ನಕ್ಷೆ ನೋಡಿ ಹಾಜರಿ ಹಾಕುತ್ತಾರೆ, ನಿನ್ನೆ ಬಾರದವರ ಹತ್ತಿರ ಹೋಗುತ್ತಾರೆ; ವಿವರಿಸಲು ಅವರು ಖಾಲಿ ಇರುವುದಿಲ್ಲ.

ಅಳತೆ, ಅಕ್ಷರ, ಬಣ್ಣ

ಇಲ್ಲಿ ಒಂದು ಬಲೆ ಇದೆ, ಗೊತ್ತಿರುವವರು ಕಡಿಮೆ. ಪವರ್‌ಪಾಯಿಂಟ್‌ನ ಅಗಲ ಸ್ಲೈಡ್ 13.33 ಇಂಚು ಅಗಲ, 7.5 ಇಂಚು ಎತ್ತರ. ಗೂಗಲ್ ಸ್ಲೈಡ್ಸ್‌ನದು 10 ಇಂಚು ಅಗಲ, 5.625 ಇಂಚು ಎತ್ತರ. ಪರದೆಯ ಮೇಲೆ ಎರಡೂ ಒಂದೇ ಜಾಗ ತುಂಬುತ್ತವೆ. ಆದ್ದರಿಂದ ಅಕ್ಷರದ ಅಳತೆ 36 ಪಾಯಿಂಟ್ ಎಂದರೆ ಎರಡರಲ್ಲೂ ಒಂದೇ ಅಲ್ಲ. ಪರದೆಯ ಎತ್ತರ 1.2 ಮೀಟರ್ ಇದ್ದರೆ ಪವರ್‌ಪಾಯಿಂಟ್‌ನ 36 ಪಾಯಿಂಟ್ ಅಲ್ಲಿ 8 ಸೆಂ.ಮೀ. ಆಗುತ್ತದೆ, ಗೂಗಲ್ ಸ್ಲೈಡ್ಸ್‌ನಲ್ಲಿ ಅದೇ ಅಳತೆಗೆ 27 ಪಾಯಿಂಟ್ ಸಾಕು. "ಇಷ್ಟು ಪಾಯಿಂಟ್ ಇಡಿ" ಎಂಬ ಸಲಹೆಯನ್ನು ಯಾವ ತಂತ್ರಾಂಶಕ್ಕೆ ಎಂದು ಕೇಳದೆ ಪಾಲಿಸಬಾರದು. ಈ ತರಗತಿಯಲ್ಲಿ ಕೊನೆಯ ಬೆಂಚು ಪರದೆಯಿಂದ 8 ಮೀಟರ್. ಪವರ್‌ಪಾಯಿಂಟ್ ಲೆಕ್ಕದಲ್ಲಿ ಎಡಭಾಗಕ್ಕೆ 36, ಬಲಗಡೆಯ ಪಟ್ಟಿಗೆ 28 ಇಡಲಾಯಿತು. ನಿಜವಾದ ಪರೀಕ್ಷೆ ಒಂದೇ: ಕೋಣೆ ಖಾಲಿಯಿರುವಾಗ, ಕಿಟಕಿ ತೆರೆದಿಟ್ಟು, ಕೊನೆಯ ಬೆಂಚಿನ ಮೂಲೆಯಲ್ಲಿ ಕೂತು ಓದಿ ನೋಡುವುದು.

ಕನ್ನಡ ಅಕ್ಷರಕ್ಕೆ ಇನ್ನೊಂದು ಎಚ್ಚರ ಬೇಕು. ಒತ್ತಕ್ಷರ ಕೆಳಗಿಳಿಯುತ್ತದೆ, ಗುಣಿತದ ಗುಡಿಸು ಮೇಲೇರುತ್ತದೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರದಲ್ಲಿ "ದ್ರವ್ಯರಾಶಿ"ಯ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಸಾಲಂತರ 1.2ರಿಂದ 1.3ಕ್ಕೆ ಏರಿಸಬೇಕು. ಮನೆಯ ಕಂಪ್ಯೂಟರಿನಲ್ಲಿರುವ ಫಾಂಟ್ ಶಾಲೆಯದರಲ್ಲಿ ಇಲ್ಲದಿದ್ದರೆ ತಂತ್ರಾಂಶ ಬೇರೊಂದನ್ನು ತಂದು ಕೂರಿಸುತ್ತದೆ. ಸಾಲುಗಳು ಒಡೆದು ಹೋಂವರ್ಕ್ ಭಾಗ ಸ್ಲೈಡಿನಾಚೆ ಜಾರುತ್ತದೆ. ಪ್ರತಿ ದಿನದ ಸ್ಲೈಡಿನ ಒಂದು ಪಿಡಿಎಫ್ ಪ್ರತಿ ಪೆನ್ ಡ್ರೈವಿನಲ್ಲಿದ್ದರೆ ಈ ತಲೆನೋವಿಲ್ಲ.

ಹಿನ್ನೆಲೆ ಬಿಳಿ ಅಥವಾ ತಿಳಿ ಹಳದಿ, ಅಕ್ಷರ ಕಪ್ಪು. ಕಪ್ಪು ಹಿನ್ನೆಲೆ ಲ್ಯಾಪ್‌ಟಾಪಿನಲ್ಲಿ ಸೊಗಸಾಗಿ ಕಾಣುತ್ತದೆ, ಆದರೆ ಪ್ರೊಜೆಕ್ಟರ್ ಕಪ್ಪನ್ನು ಎಸೆಯಲಾರದು. ಅದು ಬೆಳಕು ಬೀಳದ ಜಾಗ ಅಷ್ಟೇ. ಕಿಟಕಿಯ ಬಿಸಿಲು ಆ ಜಾಗವನ್ನು ಬೂದು ಮಾಡುತ್ತದೆ, ಅಕ್ಷರ ಅದರೊಳಗೆ ಮುಳುಗುತ್ತದೆ. ವೆಬ್ ಪುಟಗಳ ಸುಗಮ್ಯತಾ ಮಾರ್ಗಸೂಚಿ ಸಾಮಾನ್ಯ ಅಳತೆಯ ಅಕ್ಷರಕ್ಕೆ ಕನಿಷ್ಠ 4.5:1 ವ್ಯತ್ಯಾಸಾಂಕ (ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ) ಕೇಳುತ್ತದೆ, ಬಿಸಿಲಿನ ಕೋಣೆಗೆ ಅದಕ್ಕಿಂತ ಬಹಳ ಹೆಚ್ಚು ಬೇಕು. ಹೋಂವರ್ಕ್ ಕೆಂಪು, ತರಗತಿ ಕೆಲಸ ಹಸಿರು ಎಂದು ಬಣ್ಣದಿಂದಲೇ ಬೇರ್ಪಡಿಸುವುದೂ ತಪ್ಪು. ಕೆಂಪು ಹಸಿರಿನ ಭೇದ ಕಾಣದ ಮಕ್ಕಳು, ಅದರಲ್ಲೂ ಹುಡುಗರು, ದೊಡ್ಡ ತರಗತಿಯಲ್ಲಿ ಒಬ್ಬಿಬ್ಬರಾದರೂ ಇರುವ ಸಾಧ್ಯತೆ ಇದೆ, ಎಷ್ಟೋ ಸಲ ಅವರಿಗೇ ಅದು ತಿಳಿದಿರುವುದಿಲ್ಲ. ಭಾಗದ ಹೆಸರು, ಜಾಗ, ಚೌಕಟ್ಟು ಇವು ಬೇರ್ಪಡಿಸಲಿ. ಬಣ್ಣ ಬೇಕಿದ್ದರೆ ಅವುಗಳ ಮೇಲೆ ಬರಲಿ.

ಇದನ್ನೆಲ್ಲ ಒಂದೇ ಸಲ, ಎಲ್ಲ ಸ್ಲೈಡುಗಳಿಗೂ ಅಚ್ಚಿನಂತಿರುವ ಸ್ಲೈಡ್ ಮಾಸ್ಟರ್‌ನಲ್ಲಿ ಕೂರಿಸಬೇಕು. ಚೌಕಟ್ಟು, ಭಾಗದ ಹೆಸರು, ಅಕ್ಷರದ ಅಳತೆ ಅಲ್ಲಿ ಬಿಗಿಯಾಗಿದ್ದರೆ ದಿನವೂ ತುಂಬಬೇಕಾದ್ದು ಖಾಲಿ ಪೆಟ್ಟಿಗೆಗಳನ್ನು ಮಾತ್ರ. ಮಾಸ್ಟರ್ ಮಾಡಲು ಮೊದಲ ದಿನ ಒಂದು ಗಂಟೆ ಹೋದೀತು. ಆಮೇಲೆ ಹಿಂದಿನ ದಿನದ ಸ್ಲೈಡ್ ನಕಲಿಸಿ ಬದಲಾಯಿಸಲು ದಿನಕ್ಕೆ ಏಳೆಂಟು ನಿಮಿಷ. ವಾರದ ಐದೂ ಸ್ಲೈಡುಗಳ ಅಸ್ಥಿಪಂಜರ ವಾರಾಂತ್ಯದಲ್ಲೇ ಇರಲಿ, ವಿವರವನ್ನು ಮಾತ್ರ ಹಿಂದಿನ ದಿನದ ತರಗತಿ ಮುಗಿದ ಮೇಲೆ ತುಂಬಬೇಕು. ಐದನ್ನೂ ಭಾನುವಾರವೇ ಪೂರ್ತಿ ಮಾಡಿಟ್ಟವರು ಬುಧವಾರದಿಂದ ತಿದ್ದುವುದರಲ್ಲೇ ಕಳೆಯುತ್ತಾರೆ.

ಕಡತ ತಿಂಗಳಿಗೊಂದು, ಹೊಸ ದಿನ ಮೇಲೆ, ಹಳೆಯದು ಕೆಳಗೆ. ಹಾಗಿದ್ದರೆ ತೆರೆದ ತಕ್ಷಣ ಇಂದಿನದೇ ಕಾಣುತ್ತದೆ. ವರ್ಷಪೂರ್ತಿ ಒಂದೇ ಕಡತಕ್ಕೆ ಸೇರಿಸುತ್ತಾ ಹೋದರೆ ಅದು ತೆರೆದುಕೊಳ್ಳುವುದೇ ನಿಧಾನವಾಗುತ್ತದೆ.

ಎಲ್ಲಿ ನಿಲ್ಲಬೇಕು

ಪಾಠದ ಸ್ಲೈಡ್ ಬಂದಾಗ ಕಾರ್ಯಸೂಚಿ ಎಲ್ಲಿ ಹೋಗಬೇಕು ಎಂಬ ಪ್ರಶ್ನೆಗೆ ಮೂರು ಉತ್ತರಗಳಿವೆ. ಪಾಠದ ಪ್ರತಿ ಸ್ಲೈಡಿನ ಮೇಲಂಚಿನಲ್ಲಿ ①②③④ ಪಟ್ಟಿ ಇಟ್ಟು ನಡೆಯುತ್ತಿರುವ ಅಂಕಿಯನ್ನು ದಪ್ಪ ಮಾಡುವುದು ಒಂದು. ನೋಡಲು ಅಚ್ಚುಕಟ್ಟು, ಆದರೆ ಕೆಲಸ ಜಾಸ್ತಿ, ಮತ್ತು ಪಟ್ಟಿ ಕ್ರಮೇಣ ಗೋಡೆಯ ಬಣ್ಣದಂತೆ ಕಣ್ಣಿಗೆ ಬೀಳದಾಗುತ್ತದೆ. ಪ್ರತಿ ಕೆಲಸ ಬದಲಾಗುವಾಗ ಕಾರ್ಯಸೂಚಿಗೆ ಮರಳುವುದು ಇನ್ನೊಂದು; ಪವರ್‌ಪಾಯಿಂಟ್ ಪ್ರದರ್ಶನದಲ್ಲಿ 1 ಒತ್ತಿ ಎಂಟರ್ ಒತ್ತಿದರೆ ಮೊದಲ ಸ್ಲೈಡಿಗೆ ಹೋಗುತ್ತದೆ. ಮೂರನೆಯದು ಹಳೆಯ ದಾರಿ: ಬೋರ್ಡಿನ ಎಡ ಮೂಲೆಯಲ್ಲಿ ನಾಲ್ಕು ಪದ ಬರೆದು, ಮುಗಿದದ್ದಕ್ಕೆ ಸರಿ ಗುರುತು ಹಾಕುವುದು.

ಈ ತರಗತಿ ಕೊನೆಯ ಎರಡನ್ನೂ ಕೂಡಿಸಿಕೊಂಡಿತು. ಬೋರ್ಡಿನ ಮೂಲೆ ಎಲ್ಲಕ್ಕಿಂತ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಕರೆಂಟ್ ಹೋದರೂ ಅದು ಅಲ್ಲೇ ಇರುತ್ತದೆ. ಅದನ್ನು ಬರೆಯುವ ಕೆಲಸ ವಾರಕ್ಕೊಬ್ಬ ವಿದ್ಯಾರ್ಥಿಯದು. ಸ್ಲೈಡ್ ನೋಡಿ "ತಿದ್ದು, ಅಳೆ, ಲೆಕ್ಕ, ಪ್ರಶ್ನೆ" ಎಂದು ಬರೆಯಲು ಮುಕ್ಕಾಲು ನಿಮಿಷ ಸಾಕು.

ಮೊದಲ ಹತ್ತು ದಿನ

ಸ್ಲೈಡ್ ತಾನಾಗಿ ಕೆಲಸ ಮಾಡುವುದಿಲ್ಲ, ಅದನ್ನು ಓದುವ ಅಭ್ಯಾಸವನ್ನು ಕಲಿಸಬೇಕಾಗುತ್ತದೆ. ಮೊದಲ ದಿನ ಪಾಠದ ಹತ್ತು ನಿಮಿಷ ಇದಕ್ಕೇ ಮೀಸಲು. ಮಕ್ಕಳನ್ನು ಹೊರಗೆ ನಿಲ್ಲಿಸಿ, ಒಳಗೆ ಬರಲು ಹೇಳಿ, ಕೂತು ಮೊದಲ ಪ್ರಶ್ನೆ ಬರೆಯುವವರೆಗೆ ನಡೆಸಿ ನೋಡುವುದು. ಸರಿ ಬರದಿದ್ದರೆ ಇನ್ನೊಮ್ಮೆ. ಒಂಬತ್ತನೇ ತರಗತಿಯವರಿಗೆ ಇದು ಸಣ್ಣ ಮಕ್ಕಳ ಆಟ ಅನಿಸಬಹುದು. ಕಾರಣ ಹೇಳಿದರೆ ಒಪ್ಪುತ್ತಾರೆ: ವಾರಕ್ಕೆ 40 ನಿಮಿಷದ ಲೆಕ್ಕವನ್ನು ಬೋರ್ಡಿನ ಮೇಲೆ ಅವರಿಂದಲೇ ಮಾಡಿಸಿ.

ಕಷ್ಟ ಇರುವುದು ಶಿಕ್ಷಕಿಗೆ. ಪರದೆ ಹೇಳುವುದನ್ನು ಬಾಯಿ ಹೇಳಬಾರದು, ಇದೊಂದೇ ನಿಯಮ. "ಏನು ಮಾಡ್ಬೇಕು ಟೀಚರ್?" ಎಂದು ಯಾರಾದರೂ ಕೇಳಿದಾಗ ಉತ್ತರ ನಾಲಿಗೆಯ ತುದಿಯಲ್ಲಿರುತ್ತದೆ, ಹೇಳಿಬಿಟ್ಟರೆ ಎರಡು ಸೆಕೆಂಡಿನ ಕೆಲಸ. ಹೇಳಬಾರದು. ಪರದೆಯತ್ತ ಕೈ ತೋರಿಸಿ, "ಎಡಗಡೆ ಏನಿದೆ, ಓದಿ ಹೇಳು" ಎಂದಷ್ಟೇ ಕೇಳಬೇಕು. ಸಿಟ್ಟಿಲ್ಲದೆ, ಪ್ರತಿ ಸಲ. ನಾಲ್ಕು ದಿನ ಪಾಲಿಸಿ ಐದನೇ ದಿನ ಬಾಯಿಬಿಟ್ಟರೆ ಮತ್ತೆ ಮೊದಲಿನಿಂದ ಶುರು. ಪರದೆ ಓದಲಾಗದ ಮಕ್ಕಳಿಗೆ ಮಾತ್ರ ಈ ನಿಯಮ ಅನ್ವಯಿಸದು. ದೃಷ್ಟಿ ಕಡಿಮೆಯಿರುವವರಿಗೆ ಅದೇ ಸ್ಲೈಡಿನ ಎ4 ಮುದ್ರಿತ ಪ್ರತಿ ಮೇಜಿನ ಮೇಲಿರಬೇಕು. ಓದುವುದು ನಿಧಾನವಾದವರಿಗೆ ಹತ್ತಿರ ಹೋಗಿ ಮೆಲ್ಲಗೆ ಓದಿ ಹೇಳಬೇಕು.

ಸ್ಲೈಡ್ ಗಂಟೆ ಹೊಡೆಯುವ ಮುನ್ನವೇ ಪರದೆಯ ಮೇಲಿರಬೇಕು. ಶಿಕ್ಷಕಿ ಇನ್ನೊಂದು ಕೋಣೆಯಿಂದ ಬರುವ ಈ ಪ್ರಕರಣದಲ್ಲಿ ಅದು ಸಾಧ್ಯವಿರಲಿಲ್ಲ. ಹಾಗಾಗಿ "ಕೂತ ಕೂಡಲೇ" ಪ್ರಶ್ನೆಗಳನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆದು ಬೆಳಿಗ್ಗೆಯೇ ತರಗತಿಯ ಮಾನಿಟರ್ ಕೈಗೆ ಕೊಡುವ ಏರ್ಪಾಡಾಯಿತು. ಎರಡನೇ ಪೀರಿಯಡ್ ಮುಗಿದ ಗಂಟೆಗೆ ಅವಳು ಅದನ್ನು ಬೋರ್ಡಿಗೆ ಅಂಟಿಸುತ್ತಾಳೆ. ಪ್ರೊಜೆಕ್ಟರ್ ಹೊತ್ತಿಕೊಳ್ಳುವಷ್ಟರಲ್ಲಿ ಮೊದಲ ಪ್ರಶ್ನೆ ಮುಗಿದಿರುತ್ತದೆ.

ನಡುವೆ ಮುರಿದದ್ದು

ನಾಲ್ಕನೇ ವಾರ "ಉತ್ತರ ತಿದ್ದಿ" ಎಂಬ 4 ನಿಮಿಷ 12ಕ್ಕೆ ಬೆಳೆಯಿತು. ದ್ರವ್ಯರಾಶಿ, ತೂಕಗಳ ಏಕಮಾನ ಕೇಳಿದ ಪ್ರಶ್ನೆಗೆ ಬಹಳಷ್ಟು ಮಂದಿ ಕಿಲೋಗ್ರಾಂ ಎಂದೇ ಎರಡಕ್ಕೂ ಬರೆದಿದ್ದರು, ಶಿಕ್ಷಕಿ ಅಲ್ಲೇ ಪಾಠ ಶುರು ಮಾಡಿದರು. ತಪ್ಪು ಕಂಡಾಗ ತಿದ್ದಬೇಕೆನಿಸುವುದು ಸಹಜ, ಒಳ್ಳೆಯದೂ ಹೌದು. ಆದರೆ ಆ ಹೊತ್ತು ಪ್ರಯೋಗದ ಹೊಟ್ಟೆಯಿಂದ ಹೋಗುತ್ತದೆ. ಉತ್ತರ ಹೇಳಿ, ಕೈ ಎತ್ತಿಸಿ ಎಷ್ಟು ಜನ ತಪ್ಪಿದ್ದಾರೆಂದು ನೋಡಿ, ಮೂರರಲ್ಲೊಂದು ಪಾಲಿಗಿಂತ ಹೆಚ್ಚಿದ್ದರೆ ಅದನ್ನು ನಾಳೆಯ ಕಾರ್ಯಸೂಚಿಗೆ ಒಂದು ಕೆಲಸವಾಗಿ ಬರೆದುಕೊಂಡು ಮುಂದೆ ಹೋಗುವುದು ಎಂದು ಆಮೇಲೆ ಗೊತ್ತು ಮಾಡಿಕೊಂಡರು.

ಅದೇ ದಿನ ④ ಆಗಲಿಲ್ಲ. ಗಂಟೆ ಹೊಡೆಯಿತು, ಸ್ಲೈಡ್ ಮುಚ್ಚಿತು, ಯಾರೂ ಏನೂ ಹೇಳಲಿಲ್ಲ. ಹೀಗೆ ಮೂರು ಸಲವಾದರೆ ಮಕ್ಕಳು ಕಾರ್ಯಸೂಚಿಯನ್ನು ನಂಬುವುದು ಬಿಡುತ್ತಾರೆ: ಬರೆದದ್ದೆಲ್ಲ ಆಗುವುದಿಲ್ಲ, ಕೊನೆಯದಂತೂ ಖಂಡಿತ ಆಗುವುದಿಲ್ಲ. ಆಗದ ಕೆಲಸವನ್ನು ಎಲ್ಲರ ಮುಂದೆ ಬೋರ್ಡಿನಲ್ಲಿ ಬಾಣ ಎಳೆದು "ನಾಳೆ" ಎಂದು ಬರೆಯಬೇಕು, ನಾಳೆ ಅದು ①ರಲ್ಲಿ ಕಾಣಬೇಕು. ಪಾಠ ದಾರಿ ಬದಲಿಸುವುದು ತಪ್ಪಲ್ಲ, ಹೇಳದೆ ಬದಲಿಸಿದರೆ ಕೆಡುತ್ತದೆ. ಬದಲಾವಣೆಯಿಂದ ಕಂಗೆಡುವ ಮಕ್ಕಳಿಗೆ ಇದು ಇನ್ನೂ ಮುಖ್ಯ. ದಿನದ ಮಾಮೂಲಿಗಿಂತ ಬೇರೆಯಾದ ಸಾಲಿಗೆ ಒಂದು ತ್ರಿಕೋನ ಗುರುತು ಹಾಕುವ ಪದ್ಧತಿ ಅವರಿಗಾಗಿಯೇ ಬಂತು.

ಒಂದು ದಿನ ಹಾಜರಿಯ ಪಟ್ಟಿ ತೆರೆದಾಗ ಕಿರುಪರೀಕ್ಷೆಯ ಅಂಕಗಳೂ ಪರದೆಯ ಮೇಲೆ ಕಂಡವು. ಲ್ಯಾಪ್‌ಟಾಪಿನಲ್ಲಿ ಕಂಡದ್ದೆಲ್ಲ ಗೋಡೆಯ ಮೇಲೂ ಕಾಣುವ ನಕಲು ಸ್ಥಿತಿಯಲ್ಲಿ ಇದು ಆಗಿಯೇ ಆಗುತ್ತದೆ. ವಿಂಡೋಸ್ ಕೀ ಮತ್ತು ಪಿ ಒತ್ತಿ ವಿಸ್ತರಿಸುವ ಆಯ್ಕೆ ಇಟ್ಟುಕೊಂಡರೆ ಸ್ಲೈಡ್ ಪರದೆಯಲ್ಲಿ, ಹಾಜರಿ ಲ್ಯಾಪ್‌ಟಾಪಿನಲ್ಲಿ. ಸಂದೇಶಗಳ ಸೂಚನೆ ಪುಟಿಯುವುದನ್ನೂ ತರಗತಿಗೆ ಮುನ್ನ ನಿಲ್ಲಿಸಬೇಕು. ಪರದೆಯಿಂದ ಗಮನ ತೆಗೆಯಬೇಕಾದಾಗ ಪ್ರದರ್ಶನದ ನಡುವೆ ಬಿ ಕೀ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಮರಳುತ್ತದೆ. ಕೇಬಲ್ ಕೀಳುವ ಅಗತ್ಯವಿಲ್ಲ.

ಇಡೀ ಸ್ಲೈಡನ್ನು ನೋಟ್‌ಬುಕ್ಕಿಗೆ ನಕಲು ಮಾಡುವ ಶ್ರದ್ಧೆಯ ಮಕ್ಕಳೂ ಇದ್ದರು, ಆರು ನಿಮಿಷ ಅದಕ್ಕೇ ಹೋಗುತ್ತಿತ್ತು. ಬರೆಯಬೇಕಾದ್ದು ಎರಡೇ: ಉತ್ತರಗಳು ಮತ್ತು "ಮನೆಗೆ" ಸಾಲು. ಆ ಎರಡಕ್ಕೂ ಪಕ್ಕದಲ್ಲಿ ಪೆನ್ನಿನ ಚಿತ್ರ ಇಟ್ಟ ಮೇಲೆ ನಕಲು ನಿಂತಿತು.

ಶಿಕ್ಷಕಿ ರಜೆ ಹಾಕಿದ ದಿನ ಸ್ಲೈಡ್ ತನ್ನ ಬೆಲೆ ತೋರಿಸುತ್ತದೆ. ಬದಲಿಗೆ ಬಂದವರಿಗೆ ತರಗತಿ ಹೇಗೆ ನಡೆಯುತ್ತದೆಂದು ಮಕ್ಕಳೇ ಹೇಳಬಲ್ಲರು. ಅವರಿಗೆಂದು ಸ್ಲೈಡಿನ ಕೆಳಗಿನ ಟಿಪ್ಪಣಿಯಲ್ಲಿ ಉತ್ತರ, ಯಾರನ್ನು ಎಲ್ಲಿ ಕೂರಿಸಬೇಕು ಎಂಬುದನ್ನೆಲ್ಲ ಬರೆಯುವವರಿದ್ದಾರೆ. ಅದೇ ಕಡತದ ಕೊಂಡಿ ಮಕ್ಕಳಿಗೂ ಹೋಗಿದ್ದರೆ ಟಿಪ್ಪಣಿ ಅವರಿಗೂ ಕಾಣುತ್ತದೆ, ನೋಡಲು ಮಾತ್ರ ಅನುಮತಿ ಇದ್ದರೂ. ಬಾರದವರಿಗೆ ಕಳಿಸುವುದಿದ್ದರೆ ಸ್ಲೈಡಿನ ಪಿಡಿಎಫ್ ಕಳಿಸಿ. ಮೊಬೈಲ್ ಇಲ್ಲದವರಿಗೆ ತರಗತಿಯ ಹಿಂದಿನ ಗೋಡೆಗೆ ಒಂದು ಫೈಲ್ ತೂಗುಹಾಕಿ ವಾರದ ಐದು ಮುದ್ರಿತ ಪುಟಗಳನ್ನು ಅದರಲ್ಲಿಡಿ.

ಸುಧಾರಿಸಿತೇ ಎಂದು ತಿಳಿಯುವುದು ಹೇಗೆ

ಹಾಜರಿ ಪುಸ್ತಕದ ಅಂಚಿನಲ್ಲಿ ದಿನಕ್ಕೆ ಮೂರು ಅಂಕಿ ಸಾಕು. ಕೊನೆಯ ಬೆಂಚಿನವರು ಬರೆಯಲು ಶುರು ಮಾಡಿದ್ದು ಎಷ್ಟನೇ ನಿಮಿಷಕ್ಕೆ, "ಈಗೇನು?" ಎಂಬ ಬಗೆಯ ಪ್ರಶ್ನೆ ಎಷ್ಟು ಬಂದವು, ನಾಲ್ಕರಲ್ಲಿ ಎಷ್ಟು ಕೆಲಸ ಮುಗಿದವು. ಸ್ಲೈಡ್ ಆರಂಭಿಸುವ ಮುನ್ನ ಒಂದು ವಾರ ಎಣಿಸಿಟ್ಟರೆ ಹೋಲಿಕೆಗೆ ಬುಡ ಸಿಗುತ್ತದೆ.

ಮೂರೂ ಒಟ್ಟಿಗೆ ಓದಿದಾಗಲೇ ಅರ್ಥ. ಮೊದಲ ಅಂಕಿ ಇಳಿದು ಮೂರನೆಯದು ಏರದಿದ್ದರೆ ಆರಂಭ ಸರಿಹೋಗಿದೆ, ಯೋಜನೆಯಲ್ಲಿ ಕೆಲಸ ಜಾಸ್ತಿಯಾಗಿದೆ. ಪ್ರಶ್ನೆಗಳು ಆರಂಭದಲ್ಲಿ ಕಡಿಮೆಯಾಗಿ ನಡುವೆ ಹಾಗೆಯೇ ಉಳಿದಿದ್ದರೆ ಕೆಲಸ ಬದಲಾಗುವ ಹೊತ್ತಿಗೆ ಕಾರ್ಯಸೂಚಿ ಕಣ್ಣಿಗೆ ಕಾಣುತ್ತಿಲ್ಲ. ಮನೋವಿಜ್ಞಾನಿ ಜೇಕಬ್ ಕೂನಿನ್ 1970ರಲ್ಲಿ ತರಗತಿ ನಿರ್ವಹಣೆಯ ಬಗ್ಗೆ ಬರೆದಾಗ ಒತ್ತು ಕೊಟ್ಟದ್ದರಲ್ಲಿ ಈ ಬದಲಾಗುವ ಘಳಿಗೆಯೂ ಒಂದು: ಒಂದು ಕೆಲಸದಿಂದ ಇನ್ನೊಂದಕ್ಕೆ ಸಾಗುವಾಗ ಓಟ ಕಡಿಯಬಾರದು. ಈ ಪ್ರಕರಣದಲ್ಲೂ ಆರಂಭ ಬೇಗ ಹದಕ್ಕೆ ಬಂತು. ②ರಿಂದ ③ಕ್ಕೆ ದಾಟುವುದೇ ಕೊನೆಯವರೆಗೂ ತೊಡಕಾಗಿತ್ತು.

ಕಾರಣ ಸರಳ. ನಾಲ್ವರ ಗುಂಪಿನಲ್ಲಿ ಬೆಂಚು ತಿರುಗಿಸಿ ಕೂತಾಗ ಅರ್ಧದಷ್ಟು ಮಕ್ಕಳ ಬೆನ್ನು ಪರದೆಗೆ, ಕಣ್ಣು ಜಾಡಿಗೆ. ಗೋಡೆಯ ಮೇಲೆ ಎಷ್ಟು ದೊಡ್ಡದಾಗಿ ಬರೆದರೂ ಅವರಿಗೆ ಕಾಣದು. ಎಂಟನೇ ವಾರದಿಂದ ಲ್ಯಾಬ್ ದಿನಗಳಲ್ಲಿ ಪ್ರತಿ ಗುಂಪಿನ ತಟ್ಟೆಯಲ್ಲಿ ಅಂಗೈಯಗಲದ ಒಂದು ಕಾರ್ಡು ಇಡಲಾಗುತ್ತಿದೆ, ಒಟ್ಟು 11. ಅದರಲ್ಲಿ ನಾಲ್ಕು ಸಾಲು: ಮೊದಲು ಊಹೆ ಬರೆಯಿರಿ; ನೀರಿನ ಮಟ್ಟ ಓದಿ, ವಸ್ತು ಇಳಿಸಿ, ಮತ್ತೆ ಓದಿ; ತೇಲಿದರೆ ಸೂಜಿಯಿಂದ ಒತ್ತಿ ಪೂರ್ತಿ ಮುಳುಗಿಸಿ ಓದಿ; ಮೂರೂ ಆದ ಮೇಲೆ ತಟ್ಟೆ ಬದಿಗಿಟ್ಟು ಕೋಷ್ಟಕ ತೆರೆಯಿರಿ. ಕಾರ್ಡಿಗೆ ಪಾರದರ್ಶಕ ಟೇಪ್ ಸುತ್ತಬೇಕು, ಇಲ್ಲದಿದ್ದರೆ ಮೊದಲ ಗುಂಪಿನ ನೀರಿಗೇ ಶಾಯಿ ಹರಡುತ್ತದೆ.